ಗಿಡ ಬೆಳೆಸದೆ ಗಿಡದ ಪೋಷಣೆ ಕಲಿಸಲಾಗದು: ಸಸ್ಯಶಾಸ್ತ್ರ ಅಧ್ಯಯನ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ ಅಧ್ಯಯನ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,

ವಿಷಯ: ಪದವಿ ತರಗತಿಗಳಲ್ಲಿ ಖನಿಜ ಪೋಷಣೆಯ ಪಾಠ, ಪ್ರಯೋಗ ಮತ್ತು ಪರೀಕ್ಷೆಯನ್ನು ಬದಲಿಸುವ ಬಗ್ಗೆ

ಮಾನ್ಯರೇ,

ಪ್ರಾಯೋಗಿಕ ಪರೀಕ್ಷೆಯ ಸ್ಪಾಟರ್ (ನೋಡಿ ಗುರುತಿಸುವ ಪ್ರಶ್ನೆ) ಮೇಜಿನ ಮೇಲೆ ಹಳದಿ ಎಲೆಯ ಬಣ್ಣದ ಚಿತ್ರವೊಂದು ಇರುತ್ತದೆ. ವಿದ್ಯಾರ್ಥಿ ‘ಮೆಗ್ನೀಷಿಯಂ ಕೊರತೆ’ ಎಂದು ಗುರುತಿಸಿ, ಎರಡು ಲಕ್ಷಣ ಬರೆದು, ಅಂಕ ಪಡೆದು ಮುಂದಿನ ಮೇಜಿಗೆ ಹೋಗುತ್ತಾನೆ. ಅವನ ಕೈಗೆ ಹೊಲದಿಂದ ಕಿತ್ತು ತಂದ ಹಳದಿ ಶೇಂಗಾ ಗಿಡ ಕೊಟ್ಟು ನೋಡಿ. ಹಳದಿಯಾಗಿರುವುದು ಕೆಳಗಿನ ಹಳೆಯ ಎಲೆಯೋ, ತುದಿಯ ಎಳೆಯ ಎಲೆಯೋ ಎಂಬ ಮೊದಲ ಪ್ರಶ್ನೆಯೇ ಅವನಿಗೆ ಹೊಳೆಯುವುದಿಲ್ಲ. ಹೊಳೆಯದ್ದು ಅವನ ತಪ್ಪೂ ಅಲ್ಲ. ಒಂಟಿ ಎಲೆಯ ಚಿತ್ರದಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲವಲ್ಲ.

ಮೆಗ್ನೀಷಿಯಂ ಕೊರತೆಯಲ್ಲೂ ಕಬ್ಬಿಣದ ಕೊರತೆಯಲ್ಲೂ ಎಲೆಯ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಎಲೆಯೊಂದನ್ನೇ ಕತ್ತರಿಸಿ ಮುಂದಿಟ್ಟರೆ ನುರಿತವರೂ ತಡವರಿಸುತ್ತಾರೆ. ಎರಡನ್ನೂ ಬೇರ್ಪಡಿಸುವುದು ಗಿಡದ ಮೇಲೆ ಆ ಎಲೆ ಇದ್ದ ಜಾಗ. ಮೆಗ್ನೀಷಿಯಂ ಹಳೆಯ ಎಲೆಯಿಂದ ಎದ್ದು ಹೊಸ ಎಲೆಗೆ ಹೋಗಬಲ್ಲದು, ಹಾಗಾಗಿ ಹಳೆಯದು ಮೊದಲು ಸೊರಗುತ್ತದೆ. ಕಬ್ಬಿಣ ಒಮ್ಮೆ ಕೂತ ಎಲೆಯಿಂದ ಸುಲಭಕ್ಕೆ ಏಳುವುದಿಲ್ಲ, ಹಾಗಾಗಿ ತುದಿ ಬಿಳಚುತ್ತದೆ. ಅಧ್ಯಾಯದ ಕೀಲಿ ಇರುವುದು ಇಲ್ಲಿ. ಚಾರ್ಟ್ ಇದನ್ನು ಬಾಯಿಪಾಠದ ಒಂದು ಸಾಲು ಮಾಡುತ್ತದೆ. ಗಿಡವಾದರೆ ಮೂರು ವಾರದಲ್ಲಿ ಕಣ್ಣೆದುರೇ ಮಾಡಿ ತೋರಿಸುತ್ತದೆ.

2024-25ರಿಂದ ರಾಜ್ಯ ಮೂರು ವರ್ಷದ ಪದವಿಗೆ ಮರಳಿದೆ, ಪಠ್ಯಕ್ರಮಗಳು ಮತ್ತೆ ಮಂಡಳಿಗಳ ಮೇಜಿಗೆ ಬಂದಿವೆ. ನಮ್ಮ ಕೋರಿಕೆ ಇದು: ‘ಕೊರತೆ ಲಕ್ಷಣಗಳನ್ನು ಚಿತ್ರಗಳ ಮೂಲಕ ಅಭ್ಯಸಿಸುವುದು’ ಎಂಬ ಒಂದು ದಿನದ ಪ್ರಯೋಗವನ್ನು ತೆಗೆದು, ಪೋಷಕ ದ್ರಾವಣದಲ್ಲಿ ಗಿಡ ಬೆಳೆಸುವ ಎಂಟು ವಾರದ ಪ್ರಯೋಗವನ್ನು ಆ ಜಾಗದಲ್ಲಿ ಇಡಿ. ಜರ್ಮನಿಯಲ್ಲಿ ವಿಜ್ಞಾನಿಗಳಾದ ಸ್ಯಾಕ್ಸ್ ಮತ್ತು ಕ್ನಾಪ್ 1860ರ ದಶಕದಲ್ಲೇ ಗಾಜಿನ ಜಾಡಿಗಳಲ್ಲಿ ಮಾಡಿದ ಕೆಲಸವಿದು. ದುಬಾರಿ ಯಂತ್ರ ಬೇಡ. ತೂಕದ ಯಂತ್ರ, ಪಿಎಚ್ ಕಾಗದ, ಬೇರಿಗೆ ಗಾಳಿ ಊದಲು ಅಕ್ವೇರಿಯಂ ಪಂಪು, ಭಟ್ಟಿ ಇಳಿಸಿದ ನೀರು ಇದ್ದರೆ ಸಾಕು. ಆದರೆ ಅಜಾಗರೂಕತೆಯಿಂದ ಮಾಡಿದರೆ ಇದು ಖಂಡಿತ ಕೆಡುತ್ತದೆ. ಹಿಂದೆ ಪ್ರಯತ್ನಿಸಿ ಕೈಬಿಟ್ಟ ಕಡೆಗಳಲ್ಲೆಲ್ಲ ಬಹುಪಾಲು ಕೆಟ್ಟಿರುವುದು ಅವೇ ನಾಲ್ಕೈದು ಕಾರಣಗಳಿಗೆ. ಅವನ್ನು ವಿವರವಾಗಿಯೇ ಬರೆಯುತ್ತೇವೆ.

ಮೊದಲು ದ್ರಾವಣ. ಗಿಡಕ್ಕೆ ಬೇಕಾದ ಖನಿಜಗಳೆಲ್ಲ ಇರುವ ಹೋಗ್ಲ್ಯಾಂಡ್ ದ್ರಾವಣಕ್ಕೆ 1 ಮೋಲಾರ್‌ನ ನಾಲ್ಕು ಸ್ಟಾಕ್ (ಆಮೇಲೆ ನೀರಿಗೆ ಬೆರೆಸುವ ಗಟ್ಟಿ ದ್ರಾವಣ) ಬೇಕು. ಲೀಟರಿಗೆ ಕ್ಯಾಲ್ಸಿಯಂ ನೈಟ್ರೇಟ್ (ನಾಲ್ಕು ನೀರಿನ ಅಣು ಇರುವುದು) 236 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 101 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 136 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ (ಏಳು ನೀರಿನ ಅಣು ಇರುವುದು) 246.5 ಗ್ರಾಂ. ಒಂದು ಲೀಟರ್ ಪೂರ್ಣ ದ್ರಾವಣಕ್ಕೆ ಇವುಗಳಿಂದ ಕ್ರಮವಾಗಿ 5, 5, 1 ಮತ್ತು 2 ಮಿಲಿ. ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಲಘು ಪೋಷಕಾಂಶಗಳ ಸ್ಟಾಕ್ ಬೇರೆ: ಲೀಟರಿಗೆ ಬೋರಿಕ್ ಆಮ್ಲ 2.86 ಗ್ರಾಂ, ಮ್ಯಾಂಗನೀಸ್ ಕ್ಲೋರೈಡ್ 1.81, ಸತುವಿನ ಸಲ್ಫೇಟ್ 0.22, ತಾಮ್ರದ ಸಲ್ಫೇಟ್ 0.08, ಮಾಲಿಬ್ಡಿಕ್ ಆಮ್ಲ 0.02 ಗ್ರಾಂ. ಇದು ಲೀಟರಿಗೆ 1 ಮಿಲಿ. ಕಬ್ಬಿಣಕ್ಕೆ, ಅದನ್ನು ಕರಗಿದಂತೆಯೇ ಹಿಡಿದಿಡುವ ಡೈಸೋಡಿಯಂ ಇಡಿಟಿಎ 7.45 ಗ್ರಾಂ ಅನ್ನು ಬಿಸಿನೀರಿನಲ್ಲಿ ಕರಗಿಸಿ, 5.57 ಗ್ರಾಂ ಫೆರಸ್ ಸಲ್ಫೇಟ್ ಸೇರಿಸಿ ಒಂದು ಲೀಟರ್ ಮಾಡಿ ಕಂದು ಬಾಟಲಿಯಲ್ಲಿಡಬೇಕು. ಲೀಟರಿಗೆ 2.5 ಮಿಲಿ ಹಾಕಿದರೆ ಸುಮಾರು 2.8 ಮಿಲಿಗ್ರಾಂ ಕಬ್ಬಿಣ ಸಿಗುತ್ತದೆ. ಅಂಗಾಂಶ ಕೃಷಿ ಪ್ರಯೋಗಾಲಯ ಇರುವ ಕಾಲೇಜಿನಲ್ಲಿ ಈ ಕಬ್ಬಿಣದ ಸ್ಟಾಕ್ ಫ್ರಿಜ್‌ನಲ್ಲಿ ಈಗಾಗಲೇ ಇದ್ದೀತು.

ಸ್ಟಾಕ್‌ಗಳನ್ನು ಒಂದಕ್ಕೊಂದು ನೇರವಾಗಿ ಸುರಿಯಬಾರದು. ಕ್ಯಾಲ್ಸಿಯಂ ಸ್ಟಾಕ್ ಫಾಸ್ಫೇಟ್ ಅಥವಾ ಸಲ್ಫೇಟ್ ಸ್ಟಾಕ್‌ನ ಜೊತೆ ಗಟ್ಟಿಯಾಗಿಯೇ ಸೇರಿದರೆ ಬೆಳ್ಳಗೆ ಮಡ್ಡಿ ಕಟ್ಟಿ ತಳಕ್ಕೆ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಮೊದಲು 800 ಮಿಲಿ ನೀರು, ಆಮೇಲೆ ಒಂದೊಂದೇ ಸ್ಟಾಕ್ ಕಲಕುತ್ತ, ಕೊನೆಗೆ ಲೀಟರಿಗೆ ಭರ್ತಿ.

ಈಗ ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪಿಗೆ ಬರೋಣ. ‘ಮೆಗ್ನೀಷಿಯಂ ಇಲ್ಲದ ದ್ರಾವಣ’ ಎಂದರೆ ಮೆಗ್ನೀಷಿಯಂ ಸಲ್ಫೇಟ್ ಬಿಟ್ಟುಬಿಡುವುದು ಎಂದು ಹಲವರು ತಿಳಿಯುತ್ತಾರೆ. ಹಾಗೆ ಬಿಟ್ಟರೆ ಗಂಧಕವೂ ಹೋಯಿತು. ಗಿಡ ಹಳದಿಯಾದದ್ದು ಯಾವುದರಿಂದ? ಕ್ಯಾಲ್ಸಿಯಂ ನೈಟ್ರೇಟ್ ಬಿಟ್ಟರೆ ಕ್ಯಾಲ್ಸಿಯಂ ಜೊತೆ ಮೂರರಲ್ಲಿ ಎರಡು ಪಾಲು ಸಾರಜನಕವೂ ಮಾಯ. ತೆಗೆದ ಲವಣದ ಜಾಗಕ್ಕೆ ಬದಲಿ ಲವಣ ಬರಲೇಬೇಕು. ಸಾರಜನಕವಿಲ್ಲದ್ದಕ್ಕೆ: ಎರಡೂ ನೈಟ್ರೇಟ್ ಬಿಟ್ಟು 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 5 ಮಿಲಿ, ಪೊಟ್ಯಾಸಿಯಂ ಕ್ಲೋರೈಡ್ 5 ಮಿಲಿ. ಕ್ಯಾಲ್ಸಿಯಂ ಇಲ್ಲದ್ದಕ್ಕೆ: ಕ್ಯಾಲ್ಸಿಯಂ ನೈಟ್ರೇಟ್ ಬದಲು ಸೋಡಿಯಂ ನೈಟ್ರೇಟ್ 10 ಮಿಲಿ (ಕ್ಯಾಲ್ಸಿಯಂ ನೈಟ್ರೇಟಿನ ಒಂದು ಅಣುವಿನಲ್ಲಿ ಎರಡು ನೈಟ್ರೇಟ್, ಅದಕ್ಕೆ ದುಪ್ಪಟ್ಟು). ಮೆಗ್ನೀಷಿಯಂ ಇಲ್ಲದ್ದಕ್ಕೆ ಸೋಡಿಯಂ ಸಲ್ಫೇಟ್ 2 ಮಿಲಿ. ಗಂಧಕವಿಲ್ಲದ್ದಕ್ಕೆ ಮೆಗ್ನೀಷಿಯಂ ಕ್ಲೋರೈಡ್ 2 ಮಿಲಿ. ರಂಜಕವಿಲ್ಲದ್ದಕ್ಕೆ ಫಾಸ್ಫೇಟ್ ಬದಲು ಪೊಟ್ಯಾಸಿಯಂ ಕ್ಲೋರೈಡ್ 1 ಮಿಲಿ. ಪೊಟ್ಯಾಸಿಯಂ ಇಲ್ಲದ್ದಕ್ಕೆ ಸೋಡಿಯಂ ನೈಟ್ರೇಟ್ 5 ಮಿಲಿ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 1 ಮಿಲಿ. ಸೋಡಿಯಂ ಸಲ್ಫೇಟ್ ಸ್ಟಾಕನ್ನು ಮಾತ್ರ ಫ್ರಿಜ್‌ನಲ್ಲಿ ಇಡಬೇಡಿ, ತಣ್ಣಗಾದರೆ ಹರಳುಗಟ್ಟುತ್ತದೆ.

ಈ ಬದಲಿ ಲವಣಗಳ ಪಟ್ಟಿಯನ್ನು ವಿದ್ಯಾರ್ಥಿಗಳಿಗೆ ಕೊಡದೆ, ಅವರಿಂದಲೇ ಮಾಡಿಸಿ ಎಂಬುದು ನಮ್ಮ ಸಲಹೆ. ಒಂದು ಗಂಟೆ ಹಿಡಿಯುತ್ತದೆ, ಮೊದಲ ಸಲ ಎಲ್ಲರೂ ತಪ್ಪುತ್ತಾರೆ. ರಸಾಯನಶಾಸ್ತ್ರದ ಮೋಲಾರಿಟಿ ಇಲ್ಲಿ ಮೊದಲ ಬಾರಿಗೆ ಜೀವವಿರುವ ಒಂದಕ್ಕೆ ತಾಗುತ್ತದೆ.

ನೀರಿನ ವಿಷಯದಲ್ಲಿ ರಾಜಿ ಬೇಡ. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸುಣ್ಣ, ಮೆಗ್ನೀಷಿಯಂ, ಬೈಕಾರ್ಬೊನೇಟ್ ಸಾಕಷ್ಟಿರುತ್ತವೆ. ಅದರಲ್ಲಿ ‘ಕ್ಯಾಲ್ಸಿಯಂ ಇಲ್ಲದ’ ದ್ರಾವಣ ಮಾಡಿದರೆ ಗಿಡ ನಿಶ್ಚಿಂತೆಯಿಂದ ಬೆಳೆಯುತ್ತದೆ, ವಿದ್ಯಾರ್ಥಿ ಪುಸ್ತಕವನ್ನು ನಂಬುವುದೋ ಗಿಡವನ್ನೋ ಎಂದು ಗೊಂದಲಕ್ಕೆ ಬೀಳುತ್ತಾನೆ. ಹಾಗೆಂದು ನೀರು ಅಷ್ಟೇನೂ ಬೇಕಿಲ್ಲ. ಪೂರ್ಣ ದ್ರಾವಣ, ಸಾರಜನಕ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಕಬ್ಬಿಣ ಒಂದೊಂದೇ ಇಲ್ಲದವು, ಜೊತೆಗೆ ಬರೀ ನೀರು: ಹೀಗೆ ಆರು ಬಗೆ, ಪ್ರತಿಯೊಂದಕ್ಕೆ ನಾಲ್ಕು ಜಾಡಿ, ಜಾಡಿಗೆ ಅರ್ಧ ಲೀಟರ್. ಒಮ್ಮೆ ತುಂಬಲು 12 ಲೀಟರ್, ವಾರಕ್ಕೊಮ್ಮೆ ಬದಲಿಸುತ್ತ ಐದು ಸಲ ತುಂಬಿದರೆ 60 ಲೀಟರ್. ಇಡೀ ಬ್ಯಾಚಿಗೆ ಇದೊಂದು ಸಾಲು ಸಾಕು, ಪ್ರತಿ ವಿದ್ಯಾರ್ಥಿಗೊಂದು ಬೇಡ.

ಜಾಡಿಗೆ ಬೆಳಕು ಬಿದ್ದರೆ ಪಾಚಿ ಬೆಳೆದು ಗಿಡದ ಪಾಲನ್ನು ತಿನ್ನುತ್ತದೆ. ಒಳಗೆ ಕಪ್ಪು ಕಾಗದ, ಹೊರಗೆ ಅಲ್ಯೂಮಿನಿಯಂ ಹಾಳೆ ಸುತ್ತಬೇಕು. ಕಪ್ಪಷ್ಟೇ ಸುತ್ತಿ ಬಿಸಿಲಿಗಿಟ್ಟರೆ ಬೇರು ಬೇಯುತ್ತದೆ. ಬೋರಾನ್ ಕೊರತೆ ತೋರಿಸುವ ಹುಮ್ಮಸ್ಸು ಯಾರಿಗಾದರೂ ಇದ್ದರೆ ಬೋರೋಸಿಲಿಕೇಟ್ ಗಾಜು ಬೇಡ, ಹೆಸರಲ್ಲೇ ಇದೆಯಲ್ಲ. ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು.

ಬೀಜದ ಆಯ್ಕೆಯಲ್ಲೂ ಎಡವುತ್ತಾರೆ. ಅವರೆ, ಅಲಸಂದೆ, ಮೆಕ್ಕೆಜೋಳದ ದಪ್ಪ ಬೀಜದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ದೊಡ್ಡದು. ವಾರಗಟ್ಟಲೆ ಗಿಡ ಅದರಲ್ಲೇ ಬದುಕುತ್ತದೆ. ಟೊಮೇಟೊ ಬೀಜ ಸಣ್ಣದು, ಬುತ್ತಿ ಬೇಗ ಮುಗಿಯುತ್ತದೆ, ಎಲೆಯೂ ಲಕ್ಷಣ ಓದಲು ಅನುಕೂಲ. ಮೆಕ್ಕೆಜೋಳ ಬೇಕೆಂದರೆ ಸಸಿ ವಾರದ್ದಾದ ಮೇಲೆ ಕಾಳನ್ನು ಕತ್ತರಿಸಿ ತೆಗೆಯಿರಿ. ನರ್ಸರಿ ಟ್ರೇಯ ಸಸಿ ತರಬಾರದು: ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್‌ನಲ್ಲಿ ಪೊಟ್ಯಾಸಿಯಂ ಧಾರಾಳ, ಮೇಲೆ ಗೊಬ್ಬರವನ್ನೂ ಕುಡಿಸಿರುತ್ತಾರೆ. ಆಮ್ಲದಲ್ಲಿ ತೊಳೆದು, ನೀರಿನಲ್ಲಿ ಹಲವು ಬಾರಿ ಜಾಲಿಸಿದ ಮರಳಿನಲ್ಲಿ ನಾವೇ ಮೊಳಕೆ ಬರಿಸಬೇಕು.

ಬೀಜದ ಬುತ್ತಿಯ ಮಾತು ಬಂದಾಗಲೇ ನಿಕ್ಕಲ್ ಪಾಠ ಮಾಡಬಹುದು. ವಿಜ್ಞಾನಿಗಳಾದ ಅರ್ನನ್ ಮತ್ತು ಸ್ಟೌಟ್ 1939ರಲ್ಲಿ ಅವಶ್ಯಕ ಧಾತುವಿಗೆ ಮಾನದಂಡ ಕೊಟ್ಟರು. ನಿಕ್ಕಲ್ ಆ ಮಾನದಂಡ ದಾಟಿದ್ದು 1987ರಲ್ಲಿ, ಬಾರ್ಲಿಯ ಮೇಲೆ ನಡೆದ ಕೆಲಸದಿಂದ. ಬೀಜದೊಳಗಿನ ಅಲ್ಪ ನಿಕ್ಕಲ್ ಮುಗಿಯಲು ಮೂರು ತಲೆಮಾರು ನಿಕ್ಕಲ್ ಇಲ್ಲದೆ ಬೆಳೆಸಬೇಕಾಯಿತು. ಆಗ ಕಾಳು ಮೊಳೆಯುವ ಶಕ್ತಿ ಕಳೆದುಕೊಂಡಿತು. ‘ಅವಶ್ಯಕ ಧಾತುಗಳು 16ಓ 17ಓ’ ಎಂಬ ಒಂದಂಕದ ಪ್ರಶ್ನೆಯ ಹಿಂದೆ ಇಂಥ ಕಥೆ ಇದೆ. ಅದನ್ನು ಬಿಟ್ಟು ಬರೀ ಸಂಖ್ಯೆ ಕೇಳುತ್ತೇವೆ.

ಕಾಲದ ಲೆಕ್ಕ ಹೀಗೆ. ಮೊದಲ ಎರಡು ವಾರ ಮೊಳಕೆ. ಎರಡು ನಿಜ ಎಲೆ ಬಂದಾಗ ಎಲ್ಲ ಸಸಿಗಳನ್ನೂ ಅರ್ಧ ಸಾಂದ್ರತೆಯ ಪೂರ್ಣ ದ್ರಾವಣಕ್ಕೆ ಕೂರಿಸಿ ಒಂದು ವಾರ ಬಿಡಬೇಕು. ಕೊರತೆಯ ದ್ರಾವಣಕ್ಕೆ ನೇರ ಹಾಕಿದರೆ ಕ್ಯಾಲ್ಸಿಯಂ ಇಲ್ಲದ ಸಸಿ ಬೇರಿನ ತುದಿ ಕಂದಾಗಿ ಕೆಲವೇ ದಿನದಲ್ಲಿ ಸಾಯುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ. ವಾರ ತಿಂದುಂಡ ಗಿಡವನ್ನು ಆಮೇಲೆ ದಾಟಿಸಿದರೆ ಸೊಗಸಾದ ವ್ಯತ್ಯಾಸ ಕಾಣುತ್ತದೆ: ಕ್ಯಾಲ್ಸಿಯಂ ಇಲ್ಲದ ಜಾಡಿಯಲ್ಲಿ ಹಳೆಯ ಎಲೆಗಳು ಚೆನ್ನಾಗಿದ್ದೇ ಸುಳಿ ಮುದುಡುತ್ತದೆ, ಸಾರಜನಕ ಇಲ್ಲದ ಮತ್ತು ಮೆಗ್ನೀಷಿಯಂ ಇಲ್ಲದ ಜಾಡಿಗಳಲ್ಲಿ ಸುಳಿ ಹಸಿರಾಗಿದ್ದೇ ಕೆಳಗಿನ ಎಲೆ ಹಳದಿಯಾಗುತ್ತದೆ. ದಾಟಿಸುವ ದಿನವೇ ಪ್ರತಿ ಎಲೆಯ ತೊಟ್ಟಿಗೆ ದಾರ ಕಟ್ಟಿ ಸಂಖ್ಯೆ ಬರೆಯಿರಿ. ದಾರವಿಲ್ಲದ ರೆಕಾರ್ಡಿನಲ್ಲಿ ‘ಹಳೆಯ ಎಲೆ’ ಎಂಬುದು ಊಹೆಯ ಮಾತು.

ಪೂರ್ಣ ದ್ರಾವಣದ ಗಿಡವೂ ತುದಿಯಲ್ಲಿ ಬಿಳಚಿದರೆ ಗಾಬರಿ ಬೇಡ, ಪಿಎಚ್ ನೋಡಿ. ಬೇರು ನೈಟ್ರೇಟ್ ಹೀರುತ್ತಿದ್ದಂತೆ ಪಿಎಚ್ ಏರುತ್ತದೆ, ಏರಿದರೆ ಕಬ್ಬಿಣ ಕೈಗೆ ಸಿಗದಾಗುತ್ತದೆ. ಇಡಿಟಿಎ ಇಲ್ಲದೆ ಬರೀ ಫೆರಸ್ ಸಲ್ಫೇಟ್ ಹಾಕಿದ್ದರಂತೂ ಅದು ಬೇಗನೆ ಫಾಸ್ಫೇಟ್ ಜೊತೆ ಸೇರಿ ತಳಕ್ಕೆ ಇಳಿದಿರುತ್ತದೆ. ಎರಡು ದಿನಕ್ಕೊಮ್ಮೆ ಪಿಎಚ್ 5.5ರಿಂದ 6ಕ್ಕೆ ತರಬೇಕು. ತರಲು ಬಳಸುವ ಆಮ್ಲದಲ್ಲೂ ಜಾಣತನ ಬೇಕು. ಸಾರಜನಕವಿಲ್ಲದ ಜಾಡಿಗೆ ನೈಟ್ರಿಕ್ ಆಮ್ಲ, ರಂಜಕವಿಲ್ಲದ್ದಕ್ಕೆ ಫಾಸ್ಫಾರಿಕ್ ಆಮ್ಲ ಹಾಕಿದರೆ ಇಡೀ ಪ್ರಯೋಗಕ್ಕೆ ಎಳ್ಳುನೀರು. ತೆಳು ಹೈಡ್ರೋಕ್ಲೋರಿಕ್ ಆಮ್ಲ ಎಲ್ಲಕ್ಕೂ ಸಲ್ಲುತ್ತದೆ.

ಆರನೇ ವಾರ ಪ್ರತಿ ಬಗೆಯ ಒಂದು ಗಿಡವನ್ನು ಪೂರ್ಣ ದ್ರಾವಣಕ್ಕೆ ಮರಳಿಸಿ. ಕಬ್ಬಿಣವಿಲ್ಲದ ಗಿಡದಲ್ಲಿ ಇನ್ನೊಂದು ಕೆಲಸ: ಬಿಳಚಿದ ಒಂದು ಎಲೆಯ ಅರ್ಧಕ್ಕೆ ಮಾತ್ರ 0.5 ಶೇಕಡ ಫೆರಸ್ ಸಲ್ಫೇಟ್ ಮತ್ತು 0.1 ಶೇಕಡ ಸಿಟ್ರಿಕ್ ಆಮ್ಲದ ದ್ರಾವಣವನ್ನು ಕುಂಚದಿಂದ ಹಚ್ಚಿ. ಕೆಲವು ದಿನಗಳಲ್ಲಿ ಹಚ್ಚಿದ ಕಡೆ ಹಸಿರು ಮರಳುತ್ತದೆ, ಪಕ್ಕದ ಅರ್ಧ ಹಾಗೇ ಇರುತ್ತದೆ. ಕಬ್ಬಿಣ ಚಲಿಸುವುದಿಲ್ಲ ಎಂಬುದಕ್ಕೂ, ರೋಗವೆಂದು ಕಂಡದ್ದು ಕೊರತೆಯಾಗಿತ್ತು ಎಂಬುದಕ್ಕೂ ಇದಕ್ಕಿಂತ ಸರಳ ಸಾಕ್ಷಿ ನಮಗೆ ಗೊತ್ತಿಲ್ಲ. 1960ರ ದಶಕದಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ಭತ್ತದ ಖೈರಾ ರೋಗಕ್ಕೆ ರೋಗಾಣು ಕಾರಣವಲ್ಲ, ಸತುವಿನ ಕೊರತೆ ಕಾರಣವೆಂದು ಸಸ್ಯರೋಗ ತಜ್ಞ ವೈ.ಎಲ್. ನೇನೆ ತೋರಿಸಿದ್ದನ್ನು ಹೇಳಲು ಇದೇ ಸಂದರ್ಭ.

ಕೊನೆಯ ವಾರ ಬೇರು, ಚಿಗುರು ಬೇರೆಬೇರೆಯಾಗಿ 70 ಡಿಗ್ರಿಯಲ್ಲಿ ಎರಡು ದಿನ ಒಣಗಿಸಿ ತೂಗಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಸಾರಜನಕವಿಲ್ಲದ ಗಿಡ ಚಿಕ್ಕದು, ಆದರೆ ಅದರ ಒಟ್ಟು ತೂಕದಲ್ಲಿ ಬೇರಿನ ಪಾಲು ಹೆಚ್ಚು. ಮೆಗ್ನೀಷಿಯಂ ಇಲ್ಲದ್ದರಲ್ಲಿ ಉಲ್ಟಾ: ಎಲೆಯ ಸಕ್ಕರೆ ಬೇರಿಗೆ ಇಳಿಯದೆ ಬೇರು ಬಡವಾಗುತ್ತದೆ. ಎಲೆಯ ಬಣ್ಣವನ್ನಷ್ಟೇ ಕೇಳುವ ಪರೀಕ್ಷೆಗೆ ಬೇರು ಯಾವತ್ತೂ ಕಂಡಿಲ್ಲ.

ಎಂಟು ವಾರದ ಪ್ರಯೋಗ ಸಾಗುತ್ತಿರುವಾಗಲೇ ಒಂದೊಂದು ದಿನದಲ್ಲಿ ಮುಗಿಯುವ ಚಿಕ್ಕ ಕೆಲಸಗಳು ಹಲವಿವೆ. 0.75 ಶೇಕಡ ಅಗರ್‌ನಲ್ಲಿ 0.006 ಶೇಕಡ ಬ್ರೋಮೋಕ್ರೆಸಾಲ್ ಪರ್ಪಲ್ (ಪಿಎಚ್ ಇಳಿದರೆ ಹಳದಿ, ಏರಿದರೆ ನೇರಳೆಯಾಗುವ ಸೂಚಕ) ಬೆರೆಸಿ, ಪಿಎಚ್ 6ಕ್ಕೆ ತಂದು, ಒಂದು ತಟ್ಟೆಗೆ ಅಮೋನಿಯಂ ಸಲ್ಫೇಟ್, ಇನ್ನೊಂದಕ್ಕೆ ನೈಟ್ರೇಟ್ ಹಾಕಿ, ಸಸಿಯ ಬೇರನ್ನು ಮೆಲ್ಲಗೆ ಒತ್ತಿಡಿ. ಕೆಲವು ಗಂಟೆಗಳಲ್ಲಿ ಅಮೋನಿಯಂ ತಟ್ಟೆಯಲ್ಲಿ ಬೇರಿನ ಸುತ್ತ ಹಳದಿ, ನೈಟ್ರೇಟ್ ತಟ್ಟೆಯಲ್ಲಿ ನೇರಳೆ. ಬೇರಿನ ಕೋಶ ಪ್ರೋಟಾನುಗಳನ್ನು ಹೊರದೂಡುವ ‘ಪ್ರೋಟಾನ್ ಪಂಪ್’ ಎಂಬ ಪದ ಆಗ ಬರೀ ಪದವಾಗಿ ಉಳಿಯುವುದಿಲ್ಲ. ಬೇರಿನೊಳಗಿನ ಶಿಲೀಂಧ್ರ ನೋಡಲು ಟ್ರಿಪಾನ್ ಬ್ಲೂ ಎಂಬ ಬಣ್ಣ ಇಲ್ಲದಿದ್ದರೂ ಚಿಂತೆಯಿಲ್ಲ; 10 ಶೇಕಡ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬೇರು ಕುದಿಸಿ ತೊಳೆದು (ಕೈಗವಸು, ಕನ್ನಡಕ ಕಡ್ಡಾಯ), ವಿನೆಗರ್‌ನಲ್ಲಿ 5 ಶೇಕಡ ಪೆನ್ನಿನ ಕಪ್ಪು ಶಾಯಿ ಬೆರೆಸಿ ಮೂರು ನಿಮಿಷ ಕುದಿಸಿದರೆ ಸಾಕು. ಶೇಂಗಾ ಬೇರಿನ ಗಂಟು ಸೀಳಿ ಒಳಗಿನ ಗುಲಾಬಿ ಬಣ್ಣ ನೋಡುವುದಕ್ಕಂತೂ ಬ್ಲೇಡು ಒಂದೇ ಖರ್ಚು.

ಪಾಠದ ಭಾಗಕ್ಕೂ ಒಂದು ಮಾತು. ‘ಗೊಬ್ಬರ ಗಿಡದ ಊಟ’ ಎಂಬ ನುಡಿ ನಮ್ಮ ಮಕ್ಕಳ ನಾಲಿಗೆಯಲ್ಲಿದೆ, ಅದು ಪದವಿಯ ತನಕವೂ ಹೋಗುವುದಿಲ್ಲ. 1648ರಲ್ಲಿ ಪ್ರಕಟವಾದ ವಾನ್ ಹೆಲ್ಮಾಂಟ್‌ನ ಲೆಕ್ಕದಲ್ಲಿ ಕುಂಡದ ಮಣ್ಣಿಗೆ ನೀರನ್ನಷ್ಟೇ ಹಾಕಿ ಬೆಳೆಸಿದ ವಿಲ್ಲೋ ಮರ ಐದು ವರ್ಷದಲ್ಲಿ 164 ಪೌಂಡ್ ಹೆಚ್ಚಿತು, ಮಣ್ಣು ಕಳೆದುಕೊಂಡದ್ದು ಎರಡು ಔನ್ಸ್‌ನಷ್ಟು. ಅವನು ಎಲ್ಲವೂ ನೀರಿನಿಂದ ಎಂದು ತಪ್ಪಾಗಿ ತೀರ್ಮಾನಿಸಿದ, ಗಾಳಿಯನ್ನು ಮರೆತ. ಆ ಎರಡು ಔನ್ಸನ್ನೂ ತಳ್ಳಿಹಾಕಿದ. ನಮ್ಮ ಅಧ್ಯಾಯವೆಲ್ಲ ಇರುವುದು ಆ ಎರಡು ಔನ್ಸಿನಲ್ಲಿ. ಒಣ ಎಲೆ ಸುಟ್ಟು ಬೂದಿ ತೂಗಿಸಿ, ‘ಈ ಬೂದಿಯಲ್ಲಿ ಸಾರಜನಕ ಏಕಿಲ್ಲ?’ ಎಂದು ವೈವಾದಲ್ಲಿ ಕೇಳಿ.

ಇನ್ನು ನಮ್ಮ ನೆಲದ ಉದಾಹರಣೆಗಳು. ಶೇಂಗಾಕ್ಕೆ ಎಕರೆಗೆ 200 ಕೆ.ಜಿ. ಜಿಪ್ಸಂ ಶಿಫಾರಸು ರೈತರಿಗೆ ಗೊತ್ತು. ಅದರ ಕಾರಣ ಪದವೀಧರರಿಗೆ ಗೊತ್ತಿರಬೇಕು: ಕ್ಯಾಲ್ಸಿಯಂ ಎಲೆಯಿಂದ ಆವಿಯಾಗುವ ನೀರಿನ ಎಳೆತಕ್ಕೆ ಮೇಲೇರುತ್ತದೆ, ಮಣ್ಣೊಳಗಿನ ಕಾಯಿಗೆ ಆ ಎಳೆತವಿಲ್ಲ, ಆದ್ದರಿಂದ ಕಾಯಿ ತಾನೇ ಸುತ್ತಲಿನ ಮಣ್ಣಿನಿಂದ ಹೀರಬೇಕು. ಟೊಮೇಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದಕ್ಕೂ ಮೂಲ ಇಲ್ಲೇ. ಮಣ್ಣಿನಲ್ಲಿ ಸುಣ್ಣವಿದ್ದೂ ನೀರು ಏರುಪೇರಾದರೆ ಕಾಯಿಗೆ ತಲುಪುವುದಿಲ್ಲ. ಸುಣ್ಣ ಹೆಚ್ಚಿರುವ ಕಪ್ಪುಮಣ್ಣಿನಲ್ಲಿ ಶೇಂಗಾ ಬಿಳಚಿದರೆ ಮಣ್ಣಿನಲ್ಲಿ ಕಬ್ಬಿಣವಿಲ್ಲ ಎಂದಲ್ಲ, ಕರಗಿ ಬೇರಿಗೆ ಸಿಗುತ್ತಿಲ್ಲ ಎಂದು. 2009ರಲ್ಲಿ ಆರಂಭವಾದ ಭೂಚೇತನ ಯೋಜನೆ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಎಷ್ಟು ವ್ಯಾಪಕ ಎಂದು ತೋರಿಸಿತು. 2015ರಿಂದ ಹಂಚುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲೇ ಇರುವ ಆ ಚೀಟಿಯನ್ನು ಓದಿಸುವುದಕ್ಕೆ ಪಠ್ಯಕ್ರಮದಲ್ಲಿ ಒಂದು ಗಂಟೆ ಸಿಗದೇ?

ಗೊಬ್ಬರದ ಮೂಟೆಯೂ ಪಠ್ಯವೇ. ಡಿಎಪಿ ಮೇಲೆ 18:46 ಎಂದಿದ್ದರೆ 46 ಎಂಬುದು ರಂಜಕದ ಆಕ್ಸೈಡ್ ಲೆಕ್ಕ. ರಂಜಕ ಬೇಕೆಂದರೆ 0.436ರಿಂದ ಗುಣಿಸಬೇಕು. 50 ಕೆ.ಜಿ. ಮೂಟೆಯಲ್ಲಿ ನಿಜ ರಂಜಕ ಸುಮಾರು 10 ಕೆ.ಜಿ. ಯೂರಿಯಾದ 45 ಕೆ.ಜಿ. ಮೂಟೆಯಲ್ಲಿ 46 ಶೇಕಡದಂತೆ 20.7 ಕೆ.ಜಿ. ಸಾರಜನಕ. 2021ರಲ್ಲಿ ಬಂದ ನ್ಯಾನೊ ಯೂರಿಯಾದ ಅರ್ಧ ಲೀಟರ್ ಬಾಟಲಿಯಲ್ಲಿ ಆಗ 4 ಶೇಕಡದಂತೆ 20 ಗ್ರಾಂ ಇತ್ತು. ಈ ಎರಡು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಒಂದು ಇನ್ನೊಂದರ ಬದಲಿಗೆ ನಿಲ್ಲಬೇಕಾದರೆ ಏನೇನು ನಿಜವಾಗಿರಬೇಕು ಎಂದು ತರಗತಿಯನ್ನು ಕೇಳಿ ಸುಮ್ಮನೆ ಕೂತರೆ ಆಯಿತು.

ಪರೀಕ್ಷೆ ಬದಲಾಗದಿದ್ದರೆ ಇದೆಲ್ಲ ವ್ಯರ್ಥ ಎಂಬುದು ತಮಗೂ ಗೊತ್ತು. ಹಾಗಾಗಿ ಖಚಿತವಾಗಿ ಕೇಳುತ್ತೇವೆ: ಒಂಟಿ ಎಲೆಯ ಚಿತ್ರದ ಸ್ಪಾಟರ್ ಕೈಬಿಡಿ, ಅಥವಾ ಇಡೀ ಗಿಡದ ಚಿತ್ರ ಇಟ್ಟು ಜೊತೆಗೆ ಮಣ್ಣಿನ ಪಿಎಚ್ ಕೊಡಿ. ಆಂತರಿಕ ಅಂಕಗಳನ್ನು ಎಂಟು ವಾರದ ದಿನಚರಿಗೆ ಕೊಡಿ, ಅದರಲ್ಲಿ ಕೆಟ್ಟ ಪ್ರಯೋಗಕ್ಕೂ ಪೂರ್ಣ ಅಂಕಕ್ಕೆ ದಾರಿ ಇರಲಿ. ಕ್ಯಾಲ್ಸಿಯಂ ಇಲ್ಲದ ಗಿಡ ನಳನಳಿಸಿತು, ನೀರಿನ ಗಡಸುತನ ಅಳೆದೆವು, ಕಾರಣ ಸಿಕ್ಕಿತು ಎಂದು ಬರೆದ ವಿದ್ಯಾರ್ಥಿನಿ, ಪುಸ್ತಕದ ಲಕ್ಷಣಗಳನ್ನೇ ನಕಲು ಮಾಡಿದವಳಿಗಿಂತ ಹೆಚ್ಚು ಕಲಿತಿದ್ದಾಳೆ. ಪಠ್ಯಕ್ರಮದ ಕನ್ನಡ ಪದಪಟ್ಟಿಯಲ್ಲಿ ಕೃಷಿ ಇಲಾಖೆ ಬಳಸುವ ‘ಲಘು ಪೋಷಕಾಂಶ’ದಂಥ ಪದಗಳೇ ಇರಲಿ, ಹೊಲದ ಕನ್ನಡ ಒಂದು, ತರಗತಿಯ ಕನ್ನಡ ಇನ್ನೊಂದು ಆಗುವುದು ಬೇಡ.

ಮೇಲಿನ ದ್ರಾವಣಗಳ ಅಳತೆಯನ್ನು ಯಾವ ಕಾಲೇಜಾದರೂ ತನ್ನ ಪ್ರಯೋಗ ಕೈಪಿಡಿಗೆ ಹಾಗೆಯೇ ಎತ್ತಿಕೊಳ್ಳಬಹುದು.

ಇಂತಿ,
ಪದವಿ ತರಗತಿಗಳಿಗೆ ಸಸ್ಯ ಶರೀರಕ್ರಿಯೆ ಬೋಧಿಸುವ ಅಧ್ಯಾಪಕರು